ಪೂರ್ವಪಕ್ಷದವರ ಊರಿಗೆ ಒಂದು ಸಂಜೆ

ಬೇಸಿಗೆ ರಜೆ ಹತ್ತಿರ ಬಂದಂತೆ ಹುಬ್ಬಳ್ಳಿ, ಧಾರವಾಡದ ಮನೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಹತ್ತು ದಿನ ರಜೆ ಸಿಕ್ಕವರು ಧರ್ಮಶಾಲಾ, ಲಡಾಖ್, ತವಾಂಗ್ ಎನ್ನುತ್ತಾರೆ. ಶನಿವಾರ, ಭಾನುವಾರ ಮಾತ್ರ ಕೈಯಲ್ಲಿರುವವರು ದಾಂಡೇಲಿಗೆ ಹೋಗಿ ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡುತ್ತಾರೆ, ಜೋಯಿಡಾದ ಹೋಮ್‌ಸ್ಟೇಗಳಲ್ಲಿ ಉಳಿಯುತ್ತಾರೆ, ಸೂಪಾ ಹಿನ್ನೀರು ನೋಡಿ ಬರುತ್ತಾರೆ. ಹಿಮಾಲಯದ ಗೊಂಪಾಗಳಲ್ಲಿ ಸಿಗುವ ಪ್ರಶಾಂತಿಯೇ ಬೇಕೆಂದು ಹೊರಟವರಿಗೆ ನಾನು ಹೇಳುವುದು ಬೇರೆ ಊರಿನ ಹೆಸರು. ದಾಂಡೇಲಿಯಿಂದ ಹಳಿಯಾಳ, ಕಲಘಟಗಿ, ತಡಸದ ಮೇಲೆ ಬಂದರೆ ಅದೇ ಉತ್ತರ ಕನ್ನಡ ಜಿಲ್ಲೆಯ ಇನ್ನೊಂದು ತುದಿಯಲ್ಲಿ ಮುಂಡಗೋಡ ಸಿಗುತ್ತದೆ. ಟಿಬೆಟ್‌ನ ಗೆಲುಗ್ ಪಂಥದ ಮೂರು ಮಹಾವಿಹಾರಗಳಲ್ಲಿ ಎರಡು, ಗಂಡೆನ್ ಮತ್ತು ಡ್ರೆಪುಂಗ್, ಇಂದು ನೆಲೆ ನಿಂತಿರುವುದು ಇಲ್ಲಿ. ಮೂರನೆಯದಾದ ಸೆರಾ ಇರುವುದು ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ. ಧರ್ಮಶಾಲಾದಲ್ಲಿ ದಲೈಲಾಮಾ ಇದ್ದಾರೆ, ನಿಜ. ಆದರೆ ಆ ಪರಂಪರೆಯ ಓದು, ಪಾಠ, ಪರೀಕ್ಷೆ, ಪದವಿಗಳ ದೊಡ್ಡ ಭಾಗ ನಡೆಯುವುದು ಕರ್ನಾಟಕದಲ್ಲಿ.

ಪ್ರವಾಸದ ಜಾಹೀರಾತುಗಳು ಮುಂಡಗೋಡವನ್ನು ‘ಮಿನಿ ಟಿಬೆಟ್’ ಎಂದು ಕರೆಯುತ್ತವೆ. ಬಂಗಾರದ ಬಣ್ಣದ ಸೂರು, ದೊಡ್ಡ ಬುದ್ಧ, ಒಂದು ಪ್ಲೇಟ್ ಮೊಮೊ, ನಾಲ್ಕು ಫೋಟೊ. ಬಹಳಷ್ಟು ಜನ ಇಷ್ಟು ಮುಗಿಸಿ ಅತ್ತಿವೇರಿ ಪಕ್ಷಿಧಾಮದ ಕಡೆ ಕಾರು ತಿರುಗಿಸುತ್ತಾರೆ. ಅವರು ನೋಡಿದ್ದು ಕಟ್ಟಡ ಮಾತ್ರ. ಈ ಊರಿನ ಜೀವ ಇರುವ ಜಾಗಕ್ಕೆ ಹೋಗಲು ಸಂಜೆಯಾಗಬೇಕು. ಮುಂಡಗೋಡ ಪೇಟೆಯ ಚಹಾದಂಗಡಿಯಲ್ಲಿ ಒಬ್ಬರು ನನಗೆ ಹೇಳಿದ ಮಾತು ಇದು: ‘ಲಾಮಾ ಕ್ಯಾಂಪಿಗೆ ಹೋಗೋದಾದ್ರ ಹೊತ್ತು ಮುಳುಗೋ ಮುಂದ ಹೋಗ್ರಿ. ಆಗ ನೋಡ್ಬೇಕ್ರೀ ಅವರ ಗದ್ಲ.’

ಆ ಗದ್ದಲದ ಬಗ್ಗೆ ಹೇಳುವ ಮೊದಲು ಅದು ಇಲ್ಲಿಗೆ ಬಂದ ದಾರಿಯನ್ನು ಹೇಳಬೇಕು. 1959ರ ಮಾರ್ಚ್‌ನಲ್ಲಿ ಲ್ಹಾಸಾದಲ್ಲಿ ದಂಗೆಯೆದ್ದಾಗ ದಲೈಲಾಮಾ ಗಡಿ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹೊರಟರು. ಸಾಮಾನ್ಯ ಸಂಸಾರಿಗಳು ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕೆಲಸಕ್ಕೆ ಸೇರಿದರು. ಓದುತ್ತಿದ್ದ ಭಿಕ್ಷುಗಳಲ್ಲಿ ಸುಮಾರು 1,500 ಮಂದಿಯನ್ನು ಪಶ್ಚಿಮ ಬಂಗಾಳದ ಬಕ್ಸಾದಲ್ಲಿ ಇಟ್ಟರು. ಬಕ್ಸಾ ಕೋಟೆಯೆಂದರೆ ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಜಾಗ. ಚಳಿ ದೇಶದಿಂದ ಬಂದವರಿಗೆ ಅಲ್ಲಿಯ ಸೆಕೆ, ಮಳೆ ಆಗಿಬರಲಿಲ್ಲ. ಕ್ಷಯ ಹರಡಿ ಬಹಳ ಮಂದಿ ಸತ್ತರು. ಇದ್ದವರು ಅಲ್ಲೇ ಹತ್ತು ವರ್ಷ ಪಾಠ ಬಿಡದೆ ನಡೆಸಿದರು. ಅವರ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿಯೆಂದರೆ ಇದೇ. ಕಾಯಿಲೆ, ಪುಸ್ತಕದ ಕೊರತೆ, ನಾಳೆ ಎಲ್ಲಿಗೆಂದು ಗೊತ್ತಿಲ್ಲದ ಬದುಕು. ಆದರೂ ತರ್ಕದ ಪಾಠ ನಿಲ್ಲಲಿಲ್ಲ.

ನಿರಾಶ್ರಿತರಿಗೆ ನೆಲ ಕೊಡಿ ಎಂದು ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದಾಗ ಎಲ್ಲರಿಗಿಂತ ದೊಡ್ಡ ಮನಸ್ಸು ಮಾಡಿದ್ದು ಅಂದಿನ ಮೈಸೂರು ರಾಜ್ಯ. ಬೈಲಕುಪ್ಪೆಯ ವಸತಿ 1960ರ ದಶಕದ ಆರಂಭದಲ್ಲೇ ಶುರುವಾಯಿತು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ 1966ರಲ್ಲಿ ಮುಂಡಗೋಡದ ದೋಗುಲಿಂಗ್ ವಸತಿ ಆರಂಭವಾಯಿತು. ಸುಮಾರು 4,000 ಎಕರೆ. ಹೆಚ್ಚಿನದು ಕಾಡು ಕಡಿದು ಹದ ಮಾಡಿದ ನೆಲ. ಮುಂದೆ ಹುಣಸೂರಿನ ಬಳಿ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯದಲ್ಲಿ ಕೂಡ ವಸತಿಗಳಾದವು. ಈ ಜನರಿಗೆ ಬೇಸಾಯ ಕಲಿಸಿ ನೆಲೆಗೊಳಿಸುವ ಕೆಲಸಕ್ಕೆಂದೇ 1968ರಲ್ಲಿ ಮೈರಾಡ ಸಂಸ್ಥೆ ಹುಟ್ಟಿತು. ಇಂದು ಸ್ವಸಹಾಯ ಗುಂಪುಗಳ ಕೆಲಸಕ್ಕೆ ಹೆಸರಾದ ಆ ಸಂಸ್ಥೆಯ ಮೊದಲ ಕೆಲಸ ಟಿಬೆಟನ್ನರ ಪುನರ್ವಸತಿಯಾಗಿತ್ತು. ಬಕ್ಸಾದ ಭಿಕ್ಷುಗಳು 1969ರ ಸುಮಾರಿಗೆ ದಕ್ಷಿಣಕ್ಕೆ ಬಂದರು. ಬಂದವರು ಮೊದಲು ಹಿಡಿದದ್ದು ಗುದ್ದಲಿ. ಹಗಲು ಹೊಲದ ಕೆಲಸ, ರಾತ್ರಿ ಪಾಠ.

1966 ಇನ್ನೊಂದು ಕಾರಣಕ್ಕೂ ನೆನಪಿಡಬೇಕಾದ ವರ್ಷ. ಚೀನಾದಲ್ಲಿ ಸಾಂಸ್ಕೃತಿಕ ಕ್ರಾಂತಿ ಶುರುವಾದದ್ದು ಅದೇ ವರ್ಷ. ಗೆಲುಗ್ ಪಂಥದ ಸ್ಥಾಪಕ ತ್ಸೊಂಗ್ಖಾಪಾ 1409ರಲ್ಲಿ ಲ್ಹಾಸಾದ ಬಳಿ ಕಟ್ಟಿದ ಗಂಡೆನ್ ವಿಹಾರ ಆ ವರ್ಷಗಳಲ್ಲಿ ಪಾಳುಬಿದ್ದಿತು. ಅಲ್ಲಿ ಅದು ಗೋಡೆಗಳಷ್ಟೇ ಉಳಿಯುವ ಸ್ಥಿತಿಗೆ ಬಂದಾಗ ಇಲ್ಲಿ ಅದೇ ಹೆಸರಿನ ವಿಹಾರಕ್ಕೆ ನೆಲ ಹದವಾಗುತ್ತಿತ್ತು. ಸ್ಥಳೀಯರ ಬಾಯಲ್ಲಿ ಗಂಡೆನ್ ಇರುವುದು ಒಂದನೇ ಲಾಮಾ ಕ್ಯಾಂಪ್, ಡ್ರೆಪುಂಗ್ ಇರುವುದು ಎರಡನೇ ಲಾಮಾ ಕ್ಯಾಂಪ್. ಸಂಸಾರಿಗಳ ಕ್ಯಾಂಪುಗಳು ಸುತ್ತಲೂ ನಂಬರಿನ ಲೆಕ್ಕದಲ್ಲಿ ಹರಡಿಕೊಂಡಿವೆ.

ಈಗ ಆ ಸಂಜೆಯ ಗದ್ದಲಕ್ಕೆ ಬರೋಣ. ಪ್ರಾರ್ಥನಾ ಮಂದಿರದ ಪಕ್ಕದ ಅಂಗಳದಲ್ಲಿ ಕೆಂಪು ವಸ್ತ್ರದ ಹುಡುಗರು, ಯುವಕರು, ನಡುವಯಸ್ಸಿನವರು ಇಬ್ಬಿಬ್ಬರಾಗಿ, ಗುಂಪುಗುಂಪಾಗಿ ಸೇರುತ್ತಾರೆ. ಒಬ್ಬ ನೆಲದ ಮೇಲೆ ಕೂರುತ್ತಾನೆ, ಇನ್ನೊಬ್ಬ ಎದುರಿಗೆ ನಿಲ್ಲುತ್ತಾನೆ. ಕೂತವನದು ಉತ್ತರ ಹೇಳುವ ಪಾಳಿ, ನಿಂತವನದು ಪ್ರಶ್ನೆ ಕೇಳುವ ಪಾಳಿ. ನಿಂತವನು ಮೊದಲು ಪ್ರಜ್ಞೆಯ ಬೋಧಿಸತ್ತ್ವ ಮಂಜುಶ್ರೀಯ ಬೀಜಾಕ್ಷರವಾದ ‘ಧೀಃ’ ಎಂದು ಕೂಗುತ್ತಾನೆ. ಪ್ರಶ್ನೆ ಹಾಕುತ್ತಾ ಬಲಗೈಯನ್ನು ತಲೆಯ ಮೇಲೆತ್ತಿ, ಎಡಗಾಲನ್ನು ನೆಲಕ್ಕೆ ಅಪ್ಪಳಿಸುವ ಹೊತ್ತಿಗೆ ಸರಿಯಾಗಿ ಎಡ ಅಂಗೈ ಮೇಲೆ ಚಟ್ಟನೆ ಹೊಡೆಯುತ್ತಾನೆ. ಹೊಡೆದ ಕೂಡಲೇ ಎಡಗೈ ಮುಂದೆ ಚಾಚುತ್ತದೆ, ಬಲಗೈ ಜಪಮಾಲೆಯ ಜೊತೆ ಹಿಂದಕ್ಕೆ ಸರಿಯುತ್ತದೆ. ದುರ್ಗತಿಯ ಬಾಗಿಲು ಮುಚ್ಚುವುದು, ಜೀವಿಗಳನ್ನು ಮೇಲೆತ್ತುವುದು ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ಒಂದೇ ಅಂಗಳದಲ್ಲಿ ಇಂಥ ನೂರಾರು ಜೋಡಿಗಳು. ಚಪ್ಪಾಳೆ, ಕೂಗು, ನಗು, ಕೂತವನು ತಡವರಿಸಿದಾಗ ಸುತ್ತಲಿನವರ ಗೇಲಿ. ಶಾಂತಿ ಹುಡುಕಿಕೊಂಡು ಬಂದವರು ಮೊದಲ ಸಲ ಇದನ್ನು ನೋಡಿ ಜಗಳವೇನೋ ಎಂದು ಹಿಂದೆ ಸರಿಯುವುದುಂಟು.

ಜಗಳವಲ್ಲ, ಪಾಠ. ಅದರ ಒಳಗುಟ್ಟು ತಿಳಿಯಲು ಎಳೆಯರು ಕಲಿಯುವ ಮೊದಲ ಪಾಠವನ್ನೇ ನೋಡಬಹುದು. ನಿಂತವನು ಕೇಳುತ್ತಾನೆ, ‘ಬಣ್ಣವಾದದ್ದೆಲ್ಲ ಕೆಂಪೇ ಆಗಿರಬೇಕೋ?’ ಕೂತವನು ಪರೀಕ್ಷೆಗೆಂದು ‘ಹೌದು’ ಎನ್ನುತ್ತಾನೆ. ಕೂಡಲೇ ಎರಡನೇ ಪ್ರಶ್ನೆ ಬೀಳುತ್ತದೆ, ‘ಹಾಗಾದರೆ ಬಿಳಿ ಶಂಖದ ಬಣ್ಣವೂ ಕೆಂಪು. ಏಕೆಂದರೆ ಅದೂ ಒಂದು ಬಣ್ಣ.’ ಕೂತವನಿಗೆ ಬಾಯಿಗೆ ಬಂದದ್ದನ್ನು ಹೇಳುವ ಅವಕಾಶವಿಲ್ಲ. ‘ಒಪ್ಪಿದೆ’, ‘ಏಕೆ?’, ‘ಹೇತು ಸಿದ್ಧವಾಗಿಲ್ಲ’ (ಕೊಟ್ಟ ಕಾರಣವೇ ನಿಜವಲ್ಲ), ‘ವ್ಯಾಪ್ತಿ ಇಲ್ಲ’ (ಆ ಕಾರಣದಿಂದ ಆ ತೀರ್ಮಾನ ಬರುವುದಿಲ್ಲ). ಇರುವ ಉತ್ತರಗಳು ಇಷ್ಟೇ. ಶಂಖದ ಬಣ್ಣ ಕೆಂಪೆಂದು ಒಪ್ಪಿದರೆ ಕಣ್ಣಿಗೆ ಕಂಡದ್ದಕ್ಕೆ ವಿರೋಧ. ಹೇತು ಸಿದ್ಧವಾಗಿಲ್ಲ ಎಂದರೆ ಬಿಳಿ ಬಣ್ಣ ಬಣ್ಣವೇ ಅಲ್ಲವೆಂದು ಹೇಳಿದಂತಾಯಿತು. ವ್ಯಾಪ್ತಿ ಇಲ್ಲ ಎಂದರೆ ತಾನು ಮೊದಲು ಹೇಳಿದ ಮಾತನ್ನೇ ಕೈಬಿಡಬೇಕು. ಯಾವ ಕಡೆ ಹೋದರೂ ಸಿಕ್ಕಿಬೀಳುತ್ತಾನೆ. ಸಿಕ್ಕಿಬಿದ್ದಾಗ ನಿಂತವನು ‘ತ್ಸಾ!’ ಎಂದು ಕೂಗಿ, ಅಂಗೈ ಮಗುಚಿ ಇನ್ನೊಂದು ಅಂಗೈಗೆ ಹೊಡೆಯುತ್ತಾನೆ. ಹತ್ತು ಹನ್ನೆರಡು ವರ್ಷದ ಹುಡುಗ ಶಂಖದ ಬಣ್ಣದಿಂದ ಶುರುಮಾಡಿದ ಈ ಆಟ ಮುಂದೆ ಕಾರಣ–ಕಾರ್ಯ, ಆತ್ಮವಿದೆಯೇ ಇಲ್ಲವೇ, ಶೂನ್ಯತೆಯೆಂದರೇನು ಎನ್ನುವವರೆಗೂ ಬೆಳೆಯುತ್ತದೆ.

ಹೇತು, ವ್ಯಾಪ್ತಿ, ಸಿದ್ಧ, ಅಸಿದ್ಧ. ಸಂಸ್ಕೃತ ಪಾಠಶಾಲೆಯ ಮೆಟ್ಟಿಲು ಹತ್ತಿದ ಯಾರಿಗಾದರೂ ಈ ಮಾತುಗಳು ಗೊತ್ತು. ಇಲ್ಲಿ ಅವೆಲ್ಲ ಟಿಬೆಟನ್ ಭಾಷೆಯಲ್ಲಿವೆ, ಅಷ್ಟೇ. ಇಲ್ಲಿಯ ಪಾಠಪಟ್ಟಿಯ ಐದು ಮಹಾಗ್ರಂಥಗಳೂ ಭಾರತದವೇ. ಧರ್ಮಕೀರ್ತಿಯ ‘ಪ್ರಮಾಣವಾರ್ತಿಕ’, ಪ್ರಜ್ಞಾಪಾರಮಿತೆಯ ಸಾರ ಹೇಳುವ ‘ಅಭಿಸಮಯಾಲಂಕಾರ’, ಚಂದ್ರಕೀರ್ತಿಯ ‘ಮಧ್ಯಮಕಾವತಾರ’, ವಸುಬಂಧುವಿನ ‘ಅಭಿಧರ್ಮಕೋಶ’, ಗುಣಪ್ರಭನ ‘ವಿನಯಸೂತ್ರ’. ನಾಳಂದಾದಲ್ಲಿ ಓದುತ್ತಿದ್ದ ವಿದ್ಯೆ ಇದು. ಆ ಪರಂಪರೆಯಲ್ಲಿ ಪೂಜ್ಯರಾದ ನಾಗಾರ್ಜುನ, ದಿಙ್ನಾಗ, ಧರ್ಮಕೀರ್ತಿ ಮೂವರೂ ದಕ್ಷಿಣದವರೆಂದು ಟಿಬೆಟನ್ನರು ಹೇಳಿಕೊಂಡು ಬಂದಿದ್ದಾರೆ. ನಾಳಂದಾ ಅಳಿದ ಮೇಲೂ ಹಿಮಾಲಯದ ಆಚೆ ಉಳಿದಿದ್ದ ಓದು ಸುತ್ತಿ ಬಂದು ದಕ್ಷಿಣದಲ್ಲೇ ಮತ್ತೆ ನೆಲೆ ಕಂಡಿದೆ.

ಅದೂ ಯಾವ ಸೀಮೆಯಲ್ಲಿ? ಮುಂಡಗೋಡದ ದಕ್ಷಿಣಕ್ಕೆ, ಪಕ್ಕದ ಶಿರಸಿ ತಾಲ್ಲೂಕಿನಲ್ಲಿ ಬನವಾಸಿ ಇದೆ. ಅಶೋಕನ ಕಾಲದಲ್ಲಿ ರಕ್ಖಿತ ಥೇರನನ್ನು ವನವಾಸ ನಾಡಿಗೆ ಧರ್ಮ ಹೇಳಲು ಕಳಿಸಿದರೆಂದು ಸಿಂಹಳದ ‘ಮಹಾವಂಸ’ ದಾಖಲಿಸಿದೆ. ಅದೇ ಶಿರಸಿ ತಾಲ್ಲೂಕಿನ ಸೋಂದಾ ಪರಿಸರದಲ್ಲಿ ಸ್ವರ್ಣವಲ್ಲಿಯ ಅದ್ವೈತ ಮಠ, ವಾದಿರಾಜರ ದ್ವೈತ ಮಠ, ಭಟ್ಟಾಕಲಂಕರ ಹೆಸರಿನ ಜೈನ ಮಠ ಮೂರೂ ಇವೆ. ಎಂಟನೇ ಶತಮಾನದ ಜೈನ ತಾರ್ಕಿಕ ಅಕಲಂಕ ತನ್ನ ಗ್ರಂಥಗಳಲ್ಲಿ ಎದುರು ಹಾಕಿಕೊಂಡದ್ದು ಮುಖ್ಯವಾಗಿ ಧರ್ಮಕೀರ್ತಿಯನ್ನು. ಶಂಕರರ ಬ್ರಹ್ಮಸೂತ್ರ ಭಾಷ್ಯದಲ್ಲಿ ಬೌದ್ಧರ ವಿಜ್ಞಾನವಾದವನ್ನು ಖಂಡಿಸುವ ಭಾಗವೇ ಇದೆ. ನಮ್ಮ ಶಾಸ್ತ್ರಪಾಠದಲ್ಲಿ ಬೌದ್ಧ ಎಂದರೆ ಪೂರ್ವಪಕ್ಷ. ಅವನ ವಾದವನ್ನು ಗುರುಗಳೇ ಮಂಡಿಸುತ್ತಾರೆ, ಗುರುಗಳೇ ಮುರಿಯುತ್ತಾರೆ, ಅವನ ಪರವಾಗಿ ಎದ್ದು ನಿಂತು ಉತ್ತರ ಕೊಡುವವರು ಎಷ್ಟೋ ಶತಮಾನಗಳಿಂದ ಸಭೆಯಲ್ಲಿ ಇರಲಿಲ್ಲ. ಈಗ ಆ ಪೂರ್ವಪಕ್ಷದವರು ಅದೇ ಜಿಲ್ಲೆಯಲ್ಲಿ, ಸೋಂದಾದಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವಷ್ಟು ಹತ್ತಿರದಲ್ಲಿ ಇದ್ದಾರೆ. ಸಾವಿರಾರು ಸಂಖ್ಯೆಯಲ್ಲಿದ್ದಾರೆ, ಪ್ರತಿ ಸಂಜೆ ವಾದಕ್ಕೆ ತಯಾರಾಗಿ ನಿಲ್ಲುತ್ತಾರೆ. ಇದು ಎಷ್ಟು ದೊಡ್ಡ ಭಾಗ್ಯವೆಂದು ನಾವಿನ್ನೂ ಮನಗಂಡಿಲ್ಲ ಎನ್ನುವುದೇ ನನ್ನ ತಕರಾರು.

ಈ ಅಂಗಳದಲ್ಲಿ ಕಾಣುವ ಮುಖಗಳೆಲ್ಲ ಟಿಬೆಟ್‌ನಿಂದ ಬಂದವಲ್ಲ. 2008ರ ನಂತರ ಗಡಿ ಬಿಗಿಯಾಗಿ ಅಲ್ಲಿಂದ ಬರುವವರು ತೀರ ಕಡಿಮೆಯಾದರು. ಇಂದು ಓದುವ ಹುಡುಗರಲ್ಲಿ ಲಡಾಖ್, ಸ್ಪಿತಿ, ಕಿನ್ನೌರ್, ಅರುಣಾಚಲ, ನೇಪಾಳದ ಗುಡ್ಡಗಾಡಿನವರು ಬಹಳ. ತವಾಂಗ್ ವಿಹಾರಕ್ಕೆ ಡ್ರೆಪುಂಗ್‌ನ ಲೋಸೆಲಿಂಗ್ ವಿದ್ಯಾಲಯದ ಜೊತೆ ಹಿಂದಿನಿಂದ ಬಂದ ನಂಟಿದೆ. ಅಲ್ಲಿಯ ಇನ್ನೊಂದು ವಿದ್ಯಾಲಯವಾದ ಗೋಮಾಂಗ್‌ಗೆ ಮಂಗೋಲಿಯಾ, ರಷ್ಯದ ಬುರ್ಯಾತಿಯಾ, ಕಲ್ಮೀಕಿಯಾದ ಕಡೆಯವರು ಬರುತ್ತಾರೆ. ಕಲ್ಮೀಕಿಯಾದ ಬೌದ್ಧರ ಮುಖ್ಯ ಲಾಮಾ ಆಗಿದ್ದ ತೆಲೋ ತುಲ್ಕು ರಿಂಪೋಚೆ ಅಮೆರಿಕದಲ್ಲಿ ಹುಟ್ಟಿ, ಓದಿದ್ದು ಮುಂಡಗೋಡದ ಗೋಮಾಂಗ್‌ನಲ್ಲಿ. ನಾವು ಪ್ರಶಾಂತಿಗೆಂದು ಹಿಮಾಲಯದ ಹಳ್ಳಿಗಳಿಗೆ ಹೋಗುತ್ತೇವೆ. ಆ ಹಳ್ಳಿಗಳ ತಾಯ್ತಂದೆಯರು ಓದಿಗೆಂದು ಮಕ್ಕಳನ್ನು ಮುಂಡಗೋಡಕ್ಕೆ ಕಳಿಸುತ್ತಾರೆ.

ಹಾಗೆ ಓದಿ ಹೊರಬಂದವರ ಹೆಸರುಗಳನ್ನು ಕೇಳಿದರೆ ಊರಿನ ಎತ್ತರ ತಿಳಿಯುತ್ತದೆ. ದಶಕಗಳಿಂದ ದಲೈಲಾಮಾ ಅವರ ಮಾತನ್ನು ಇಂಗ್ಲಿಷಿಗೆ ತರುತ್ತಿರುವ ಥುಪ್ತೆನ್ ಜಿನ್ಪಾ ಗಂಡೆನ್ ವಿಹಾರದ ಶಾರ್ತ್ಸೆ ವಿದ್ಯಾಲಯದಲ್ಲಿ ಗೆಶೆ ಎಂಬ ಉನ್ನತ ಪದವಿ ಪಡೆದು ಆಮೇಲೆ ಕೇಂಬ್ರಿಜ್‌ನಲ್ಲಿ ತತ್ತ್ವಶಾಸ್ತ್ರ ಓದಿದವರು. ಕಿನ್ನೌರ್‌ನ ಲೋಬ್ಸಾಂಗ್ ತೆನ್ಜಿನ್ ನೇಗಿ ಲೋಸೆಲಿಂಗ್‌ನಲ್ಲಿ ಗೆಶೆಯಾಗಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯ ಸೇರಿದರು. ಆ ವಿಶ್ವವಿದ್ಯಾಲಯದ ನೆರವಿನಿಂದ ಇಲ್ಲಿಯ ಭಿಕ್ಷುಗಳಿಗೆ ಭೌತವಿಜ್ಞಾನ, ಜೀವವಿಜ್ಞಾನ, ನರವಿಜ್ಞಾನದ ಪಾಠ ನಡೆಯುತ್ತದೆ. 2013ರ ಜನವರಿಯಲ್ಲಿ ‘ಮೈಂಡ್ ಅಂಡ್ ಲೈಫ್’ ಸಂಸ್ಥೆಯ ವಿಜ್ಞಾನಿಗಳು ಡ್ರೆಪುಂಗ್‌ಗೆ ಬಂದು ದಲೈಲಾಮಾ ಜೊತೆ ಆರು ದಿನ ಸಂವಾದ ನಡೆಸಿದರು. ಇಲ್ಲಿಯ ಇನ್ನೊಂದು ವಿಹಾರ ರಾತೋ. ಅದರ ಹೊಸ ಕಟ್ಟಡಕ್ಕೆ ಹಣ ಕೂಡಿಸಲು ಛಾಯಾಗ್ರಾಹಕರೂ ಆದ ಅಮೆರಿಕದ ಭಿಕ್ಷು ನಿಕೋಲಸ್ ವ್ರೀಲ್ಯಾಂಡ್ ತಮ್ಮ ಚಿತ್ರಗಳನ್ನು ಮಾರಿದರು. 2012ರಲ್ಲಿ ಅವರನ್ನೇ ಆ ವಿಹಾರದ ಮಠಾಧಿಪತಿಯಾಗಿ ದಲೈಲಾಮಾ ನೇಮಿಸಿದರು.

ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವ ಘಟನೆ 2016ರ ಡಿಸೆಂಬರಿನದು. ಗೆಶೆ ಎಂದರೆ ಹತ್ತಿರಹತ್ತಿರ ಇಪ್ಪತ್ತು ವರ್ಷದ ಓದಿಗೆ ಸಿಗುವ ಪದವಿ. ಶತಮಾನಗಳ ಕಾಲ ಅದು ಗಂಡಸರಿಗೆ ಮಾತ್ರ ಸಿಗುತ್ತಿತ್ತು. ಭಿಕ್ಷುಣಿಯರು ಪ್ರಾರ್ಥನೆ, ಪೂಜೆಗಳಲ್ಲಿ ನಿಲ್ಲುತ್ತಿದ್ದರು. ವಾದದ ಅಂಗಳಕ್ಕೆ ಅವರಿಗೆ ದಾರಿಯಿರಲಿಲ್ಲ. ಡ್ರೆಪುಂಗ್ ಸ್ಥಾಪನೆಯಾಗಿ 600 ವರ್ಷ ತುಂಬಿದ ಆ ಚಳಿಗಾಲದಲ್ಲಿ, ಇದೇ ಮುಂಡಗೋಡದಲ್ಲಿ, 20 ಭಿಕ್ಷುಣಿಯರು ದಲೈಲಾಮಾ ಅವರ ಕೈಯಿಂದ ಗೆಶೆಮಾ ಪದವಿ ಪಡೆದರು. ಅದು ಮೊದಲ ತಂಡ. ಅವರೆಲ್ಲ ಓದಿ, ನಾಲ್ಕು ವರ್ಷದ ಪರೀಕ್ಷೆಗಳನ್ನು ದಾಟಿ ಬಂದಿದ್ದರು. ಮುಂಡಗೋಡದಲ್ಲಿ ಜಂಗ್ಚುಬ್ ಚೋಲಿಂಗ್ ಎಂಬ ಭಿಕ್ಷುಣಿ ವಿಹಾರವಿದೆ. ಅಲ್ಲಿಯ ಅಂಗಳದಲ್ಲೂ ಸಂಜೆ ಕೈ ಎತ್ತಿ ಚಪ್ಪಾಳೆ ಹೊಡೆದು ‘ಧೀಃ’ ಎನ್ನುವ ಹುಡುಗಿಯರನ್ನು ನೋಡಬಹುದು. ಮಹಿಳೆಯರ ವಿದ್ಯೆಯ ಇತಿಹಾಸದಲ್ಲಿ ನೆನಪಿಡಬೇಕಾದ ದಿನವೊಂದು ನಮ್ಮ ರಾಜ್ಯದಲ್ಲಿ ನಡೆದಿತ್ತೆಂದು ನಮ್ಮ ಶಾಲೆಯ ಮಕ್ಕಳಿಗೂ ಹೇಳಬೇಕು.

ಸಂಸಾರಿಗಳ ಕ್ಯಾಂಪುಗಳ ಕಥೆ ಬೇರೆ. ಅಲ್ಲಿ ಗೋವಿನಜೋಳ, ಭತ್ತದ ಹೊಲಗಳು, ಮಾವಿನ ಮರಗಳು. ಮಳೆಗಾಲ ಮುಗಿದ ಮೇಲೆ ಬಹಳ ಮನೆಗಳವರು ಸ್ವೆಟರ್ ಗಂಟು ಕಟ್ಟಿಕೊಂಡು ಊರೂರಿಗೆ ಹೋಗುತ್ತಾರೆ. ಚಳಿಗಾಲದಲ್ಲಿ ನಮ್ಮ ಪೇಟೆಗಳಲ್ಲಿ ಸ್ವೆಟರ್ ಮಾರುವ ಟಿಬೆಟನ್ ಅಮ್ಮಂದಿರನ್ನು ಕಾಣದ ಕನ್ನಡಿಗರು ಕಡಿಮೆ. ಈಗ ಕ್ಯಾಂಪುಗಳಲ್ಲಿ ವಯಸ್ಸಾದವರೇ ಹೆಚ್ಚು ಕಾಣುತ್ತಾರೆ. ಓದಿದ ಮಕ್ಕಳು ಬೆಂಗಳೂರು, ದೆಹಲಿ ದಾಟಿ ಅಮೆರಿಕ, ಕೆನಡಾ, ಯುರೋಪು ಸೇರಿದ್ದಾರೆ. ಹೊಲದ ಕೆಲಸಕ್ಕೆ ಸುತ್ತಲಿನ ಹಳ್ಳಿಯವರೇ ಬರುತ್ತಾರೆ. ಪೇಟೆಯಲ್ಲಿ ಅಂಗಡಿ ಹಾಕಿದ ಟಿಬೆಟನ್ನರು ‘ಎಷ್ಟ್ ಬೇಕ್ರಿ?’ ಎಂದು ಇಲ್ಲಿಯ ಕನ್ನಡದಲ್ಲೇ ಮಾತಾಡಿಸುತ್ತಾರೆ. ಇಲ್ಲಿ ಹುಟ್ಟಿ ಇಲ್ಲೇ ಮುದುಕರಾದವರಿಗೂ ಸರ್ಕಾರದ ಕಡತದಲ್ಲಿ ನೆಲ ಗುತ್ತಿಗೆಯದು. ಅರವತ್ತು ವರ್ಷ ಒಂದು ಮಣ್ಣು ಉತ್ತವರ ಮನಸ್ಸಿನಲ್ಲಿ ಆ ಮಣ್ಣು ಯಾರದಾಗಿರುತ್ತದೆ ಎಂದು ಕೇಳಿಕೊಂಡರೆ ಅವರ ಬದುಕಿನ ಭಾರ ಸ್ವಲ್ಪವಾದರೂ ಅರ್ಥವಾದೀತು.

ಹೋಗುವವರಿಗೆ ಕೆಲವು ಮಾತು. ಹುಬ್ಬಳ್ಳಿಯಿಂದ ಮುಂಡಗೋಡದ ಬಸ್ಸುಗಳು ಬೇಕಾದಷ್ಟಿವೆ. ಅಲ್ಲಿಂದ ಕ್ಯಾಂಪುಗಳಿಗೆ ಆಟೋ ಸಿಗುತ್ತದೆ. ಭಾರತೀಯರಿಗೆ ಯಾವ ಅನುಮತಿಯೂ ಬೇಡ. ವಿದೇಶಿ ಪಾಸ್‌ಪೋರ್ಟ್ ಇರುವ ನೆಂಟರನ್ನು ಕರೆದುಕೊಂಡು ಹೋಗುವುದಾದರೆ ಅವರು ಅಲ್ಲಿ ಉಳಿಯಲು ಕೇಂದ್ರ ಗೃಹ ಸಚಿವಾಲಯದ ಪರವಾನಗಿ ಮೊದಲೇ ಪಡೆಯಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಮಂದಿರದೊಳಗೆ ಚಪ್ಪಲಿ ಬಿಟ್ಟು ಹೋಗಿ. ಪ್ರದಕ್ಷಿಣೆ ನಮ್ಮಂತೆಯೇ ಬಲಕ್ಕೆ. ಮಣಿಚಕ್ರ (ಪ್ರಾರ್ಥನಾಚಕ್ರ) ತಿರುಗಿಸುವುದೂ ಹಾಗೆಯೇ. ವಾದ ನಡೆಯುವಾಗ ಅಂಗಳದ ಅಂಚಿನಲ್ಲಿ ಕೂತು ನೋಡಿ. ಗುಂಪಿನ ನಡುವೆ ನುಗ್ಗಿ, ಕೂತವನ ಮುಖಕ್ಕೆ ಕ್ಯಾಮೆರಾ ಹಿಡಿದು ಫ್ಲ್ಯಾಶ್ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನಮ್ಮ ಮಕ್ಕಳು ಪರೀಕ್ಷೆ ಬರೆಯುವ ಕೋಣೆಗೆ ಯಾರಾದರೂ ಹಾಗೆ ನುಗ್ಗಿದರೆ ನಾವು ಬಿಡುತ್ತೇವೆಯೇ? ಬಿಡುವಿನಲ್ಲಿ ಮಾತಾಡಿಸಿದರೆ ದೊಡ್ಡ ಭಿಕ್ಷುಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಸಂತೋಷದಿಂದ ವಿವರಿಸುತ್ತಾರೆ. ಇವತ್ತಿನ ವಾದ ಯಾವುದರ ಮೇಲೆ ಎಂದು ಕೇಳಿ ನೋಡಿ, ಅವರ ಮುಖ ಅರಳುವುದು ಕಾಣುತ್ತದೆ.

ಊಟಕ್ಕೆ ತುಕ್ಪಾ, ತಿಂಗ್ಮೊ, ಮೊಮೊ ಎಲ್ಲ ಕಡೆ ಸಿಗುತ್ತದೆ. ಹಿರಿಯರು ಮನೆಗೆ ಕರೆದರೆ ತ್ಸಾಂಪಾ ಕೇಳಿ ತಿನ್ನಿ. ಬಾರ್ಲಿ ಹುರಿದು ಬೀಸಿದ ಹಿಟ್ಟು ಅದು, ನಮ್ಮ ಹುರಿಹಿಟ್ಟಿನ ಹಾಗೆಯೇ. ಉಪ್ಪು, ಬೆಣ್ಣೆ ಹಾಕಿದ ಚಹಾದಲ್ಲಿ ಬೆರಳಿನಿಂದ ಕಲಸಿ ಉಂಡೆ ಕಟ್ಟಿ ತಿನ್ನುತ್ತಾರೆ. ಹೊಸ ವರ್ಷದ ಲೋಸರ್ ಫೆಬ್ರುವರಿ–ಮಾರ್ಚ್ ಹೊತ್ತಿಗೆ ಬರುತ್ತದೆ. ಆದರೆ ನನ್ನನ್ನು ಕೇಳಿದರೆ ಡಿಸೆಂಬರಿನ ಸುಮಾರಿಗೆ ಬರುವ ಗಂಡೆನ್ ನ್ಗಮ್ಚೋಗೆ ಹೋಗಬೇಕು. ತ್ಸೊಂಗ್ಖಾಪಾ 1419ರಲ್ಲಿ ತೀರಿಕೊಂಡ ದಿನದ ನೆನಪಿಗೆ ಕಿಟಕಿ, ಮಾಳಿಗೆ, ಕಟ್ಟೆಗಳ ಮೇಲೆಲ್ಲ ದೀಪ ಹಚ್ಚುತ್ತಾರೆ. ಟಿಬೆಟನ್ ಪಂಚಾಂಗದಂತೆ ದಿನ ಬದಲಾಗುವುದರಿಂದ ಮೊದಲೇ ವಿಚಾರಿಸಿಕೊಳ್ಳಬೇಕು. 2019ರಲ್ಲಿ ಆ ಸ್ಮರಣೆಗೆ 600 ವರ್ಷ ತುಂಬಿದಾಗ ದಲೈಲಾಮಾ ಇಲ್ಲೇ ಇದ್ದರು.

ಕೊನೆಗೆ ನನ್ನ ತಕರಾರಿನ ಮಾತು. ದಿಙ್ನಾಗನ ‘ಪ್ರಮಾಣಸಮುಚ್ಚಯ’ ಭಾರತೀಯ ತರ್ಕದ ದಿಕ್ಕನ್ನೇ ಬದಲಿಸಿದ ಗ್ರಂಥ. ಅದರ ಸಂಸ್ಕೃತ ಮೂಲ ಕಳೆದುಹೋಗಿತ್ತು, ಟಿಬೆಟನ್ ಅನುವಾದ ಮಾತ್ರ ಉಳಿದಿತ್ತು. ಮೈಸೂರಿನ ವಿದ್ವಾಂಸ ಎಚ್. ಆರ್. ರಂಗಸ್ವಾಮಿ ಅಯ್ಯಂಗಾರ್ ಟಿಬೆಟನ್ ಕಲಿತು, ಆ ಅನುವಾದದಿಂದ ಪ್ರತ್ಯಕ್ಷದ ಅಧ್ಯಾಯವನ್ನು ಮತ್ತೆ ಸಂಸ್ಕೃತಕ್ಕೆ ತಂದರು. ಮೈಸೂರು ವಿಶ್ವವಿದ್ಯಾಲಯ ಅದನ್ನು 1930ರಲ್ಲಿ ಪ್ರಕಟಿಸಿತು. ಅದೇ ದಶಕದಲ್ಲಿ ರಾಹುಲ ಸಾಂಕೃತ್ಯಾಯನರು ಹಿಮಾಲಯ ದಾಟಿ ಟಿಬೆಟ್‌ನ ವಿಹಾರಗಳ ಕಪಾಟುಗಳಲ್ಲಿ ತಾಳೆಗರಿ ಹುಡುಕಿ ‘ಪ್ರಮಾಣವಾರ್ತಿಕ’ದ ಮೂಲವನ್ನು ಹೊರತಂದರು. ಮುಂಡಗೋಡದಲ್ಲಿ ಒಬ್ಬ ಟಿಬೆಟನ್ನನೂ ಇಲ್ಲದ ಕಾಲ ಅದು. ಇಂದು ಆ ‘ಪ್ರಮಾಣವಾರ್ತಿಕ’ವನ್ನು ಬಾಯಿಪಾಠ ಮಾಡಿ, ಸಾಲುಸಾಲಿಗೂ ವಾದ ಹೂಡಬಲ್ಲ ಗೆಶೆಗಳು ಇಲ್ಲಿ ನೂರಾರು ಮಂದಿ ಇದ್ದಾರೆ. ಧಾರವಾಡದ ವಿಶ್ವವಿದ್ಯಾಲಯದಿಂದ ಇಲ್ಲಿಗೆ ಬರಲು ಎರಡು ಗಂಟೆ ಸಾಕು. ನಮ್ಮ ಸಂಸ್ಕೃತ ವಿದ್ಯಾರ್ಥಿಗಳಲ್ಲಿ ನಾಲ್ಕೈದು ಜನ ಇಲ್ಲಿ ಒಂದು ವರ್ಷ ಕೂತು ಟಿಬೆಟನ್ ಕಲಿತರೆ, ಇಲ್ಲಿಯ ನಾಲ್ಕೈದು ಯುವ ಭಿಕ್ಷುಗಳು ಅಲ್ಲಿ ಸಂಸ್ಕೃತ, ಕನ್ನಡ ಓದಿದರೆ, ಅಯ್ಯಂಗಾರರು ಒಂದು ಅಧ್ಯಾಯಕ್ಕೆ ನಿಲ್ಲಿಸಿದ ಕೆಲಸ ಮುಂದೆ ಸಾಗುತ್ತದೆ. ಸೋಂದಾದ ಮಠವೊಂದರ ವಾಕ್ಯಾರ್ಥ ಸಭೆಗೆ ಲೋಸೆಲಿಂಗ್‌ನ ಒಬ್ಬ ಗೆಶೆಯನ್ನು ಕರೆದು, ಪ್ರತ್ಯಕ್ಷ ಪ್ರಮಾಣದ ವಿಷಯದಲ್ಲಿ ಬೌದ್ಧರ ಪಕ್ಷವನ್ನು ಅವರ ಬಾಯಿಂದಲೇ ಕೇಳಬೇಕು. ಆ ಸಭೆಗೆ ಶ್ರೋತೃವಾಗಿ ಹೋಗಲು ನಾನು ಈಗಲೇ ತಯಾರಿದ್ದೇನೆ.